ರಾಗ ಅಂದರೆ ಸಿಟ್ಟು

ಗೆಳೆಯರೇ, ಬೇರೆಯವರ ಕಡೆ ಬೆರಳು ಮಾಡುವ ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ.

1992ರ ಮಳೆಗಾಲ. ಹಳಿಯಾಳ ತಾಲೂಕಿನ ಕಾಡಂಚಿನ ಒಂದು ಶಾಲೆಗೆ ನಾನು ಹೊಸ ಮಾಸ್ತರ. ಎರಡನೇ ಇಯತ್ತೆಯ ಒಬ್ಬ ಸಿದ್ದಿ ಹುಡುಗನ ಅಂಗೈ ಮೇಲೆ ಬೆತ್ತದಿಂದ ಆರು ಏಟು ಹೊಡೆದೆ. ಪಕ್ಕದ ಹುಡುಗನ ತೋಳು ಕಚ್ಚಿ ರಕ್ತ ಬರಿಸಿದ್ದ, ಅದು ಅವನ ಅಪರಾಧ. ಹುಡುಗ ಕೈ ಎಳೆದುಕೊಳ್ಳಲಿಲ್ಲ, ಅಳಲೂ ಇಲ್ಲ. ಆರನೇ ಏಟು ಬಿದ್ದ ಮೇಲೂ ಕೈ ಚಾಚಿಕೊಂಡೇ ನಿಂತಿದ್ದ. ಇನ್ನೂ ಇದ್ದರೆ ಹಾಕು ಅನ್ನುವ ಹಾಗೆ. "ಎಂಥಾ ಮೊಂಡ ಇದ್ದೀಯೋ" ಅಂದೆ. ಹೊಡೆದವನು ಮೇಲ್ಜಾತಿಯ ಮಾಸ್ತರನಲ್ಲ. ಕೇರಿಯಲ್ಲಿ ಹುಟ್ಟಿ, ಅಂಬೇಡ್ಕರ್ ಜಯಂತಿಯಲ್ಲಿ ಭಾಷಣ ಬಿಗಿದು, ಸಂಘಟನೆಯ ಕರಪತ್ರ ಹಂಚಿ ಬಂದಿದ್ದ ನಾನು.

ಅವತ್ತು ಮುಂಜಾನೆ ನಡೆದದ್ದು ಇಷ್ಟು. ಹಿಂದೆ ಕೂತ ಪೋರರು ಅವನ ಗುಂಗುರು ಕೂದಲು ಎಳೆಎಳೆದು ನಗುತ್ತಿದ್ದರು. ಅವನು ಎದ್ದು ನಿಂತು "ಮಾಸ್ತರ, ರಾಗ್..." ಅಂದ. ಅವನ ಮನೆಮಾತು ಕೊಂಕಣಿ ಮರಾಠಿ ಬೆರೆತ ಸಿದ್ದಿಗಳ ನುಡಿ. ಕನ್ನಡ ಇನ್ನೂ ನಾಲಿಗೆಗೆ ಹತ್ತಿರಲಿಲ್ಲ. ನಾನು ಬೋರ್ಡಿನ ಕಡೆ ಮುಖ ಮಾಡಿಕೊಂಡೇ "ರಾಗ ಏನೋ? ಹಾಡ್ತೀಯೇನು? ಹಾಡು ನೋಡೂಣು" ಅಂದೆ. ವರ್ಗವೆಲ್ಲ ಗೊಳ್ಳೆಂದು ನಕ್ಕಿತು. ಅರ್ಧ ತಾಸಿನೊಳಗೆ ಹುಡುಗ ಕಚ್ಚಿದ.

ಕೊಂಕಣಿಯಲ್ಲಿ, ಮರಾಠಿಯಲ್ಲಿ ರಾಗ ಅಂದರೆ ಸಿಟ್ಟು. ನನಗೆ ಗೊತ್ತಿಲ್ಲದ ಮಾತೇನಲ್ಲ. ದಾಂಡೇಲಿಯ ಓಣಿಯಲ್ಲಿ ಬೆಳೆದವನಿಗೆ ಮರಾಠಿ ಕಿವಿಗೆ ಬೀಳದೆ ಇರುತ್ತದೆಯೇ? ಆದರೆ ಶಾಲೆಯ ಹೊಸ್ತಿಲು ದಾಟಿದ ಮೇಲೆ ಪುಸ್ತಕದ ಕನ್ನಡ ಬಿಟ್ಟು ಬೇರೆ ಮಾತು ಕೇಳಿಸಬಾರದು ಅಂತ ಕಿವಿಗೆ ಕೀಲಿ ಹಾಕಿಕೊಂಡಿದ್ದೆ. ಆ ಏಳು ವರ್ಷದ ಪೋರ ತಾನು ಮಾಡಬೇಕಾದ್ದನ್ನು ಮಾಡಿದ್ದ. ಕಚ್ಚುವ ಮೊದಲು ಬಾಯಿ ಬಿಟ್ಟು ಹೇಳಿದ್ದ, ನನಗೆ ಸಿಟ್ಟು ಬರುತ್ತಿದೆ ಅಂತ. ಕೇಳಬೇಕಾದವನು ಕೇಳಲಿಲ್ಲ.

ಮೂವತ್ತು ವರ್ಷ ಕಳೆದ ಮೇಲೆ ಇದೆಲ್ಲ ಮತ್ತೆ ನೆನಪಿಗೆ ಬಂದದ್ದು ಒಂದು ತರಬೇತಿಯಲ್ಲಿ. 2022. ಕೊರೊನಾ ಕಾಲದಲ್ಲಿ ಮುಚ್ಚಿದ್ದ ಶಾಲೆಗಳು ತೆರೆದಿದ್ದವು. ಮಕ್ಕಳು ಒಂದೋ ಮಂಕಾಗಿದ್ದರು, ಇಲ್ಲಾ ಕಾಲು ಕೆರೆದು ಜಗಳಕ್ಕೆ ನಿಲ್ಲುತ್ತಿದ್ದರು. ತರಬೇತಿಯ ವಿಷಯ 'ಭಾವನಾತ್ಮಕ ಬುದ್ಧಿವಂತಿಕೆ'. ಗೋಡೆಯ ಮೇಲೆ ನಗುವ ಮುಖ, ಅಳುವ ಮುಖ, ಸಿಟ್ಟಿನ ಮುಖದ ಚಿತ್ರಗಳು. ಅಮೆರಿಕದ ಪೀಟರ್ ಸಲೋವಿ, ಜಾನ್ ಮೇಯರ್ ಅನ್ನುವ ಇಬ್ಬರು ಮನಃಶಾಸ್ತ್ರಜ್ಞರು 1990ರಲ್ಲಿ ಈ ವಿಚಾರ ಬರೆದರಂತೆ. 1995ರಲ್ಲಿ ಡೇನಿಯಲ್ ಗೋಲ್‌ಮನ್ ಬರೆದ ಪುಸ್ತಕದಿಂದ ಅದು ಲೋಕಕ್ಕೆಲ್ಲ ಗೊತ್ತಾಯಿತಂತೆ. ನಮ್ಮೊಳಗೆ ಏನಾಗುತ್ತಿದೆ ಅಂತ ಗುರುತಿಸುವುದು, ಅದಕ್ಕೆ ಹೆಸರಿಡುವುದು, ಅದು ನಮ್ಮನ್ನು ಆಳದಂತೆ ನಾವು ಅದನ್ನು ಆಳುವುದು, ಎದುರಿನವರ ಒಳಗೇನು ನಡೆದಿದೆ ಅಂತ ಅರಿಯುವುದು. ಮಾತು ಒಳ್ಳೆಯದೇ. ನಾನು ಬರೆದುಕೊಂಡೆ.

ಆದರೆ ಹೇಳುತ್ತಾ ಹೇಳುತ್ತಾ ತರಬೇತಿ ಕೊಡುವವರು, "ನಿಮ್ಮ ಕಡೆಯ ಹಿಂದುಳಿದ ಮಕ್ಕಳಲ್ಲಿ ಸಿಟ್ಟು ಜಾಸ್ತಿ. ಅದನ್ನು ನಿಯಂತ್ರಿಸಲು ಮೊದಲು ಅವರಿಗೆ ಕಲಿಸಿ" ಅಂದರು. ನನ್ನ ಪೆನ್ನು ಅಲ್ಲೇ ನಿಂತಿತು.

ಸಿಟ್ಟು ನುಂಗುವ ವಿದ್ಯೆಯಲ್ಲಿ ನಾವು ಯಾವತ್ತು ಹಿಂದೆ ಬಿದ್ದಿದ್ದೆವು?

ನಾನು 1964ರಲ್ಲಿ ದಾಂಡೇಲಿಯಲ್ಲಿ ಹುಟ್ಟಿದವನು. ಕಾಗದದ ಕಾರ್ಖಾನೆ ಬಂದು ಊರು ಬೆಳೆಯುತ್ತಿದ್ದ ಕಾಲ. ಅಪ್ಪ ಗುತ್ತಿಗೆದಾರನ ಕೈಕೆಳಗೆ ಲಾರಿಯಿಂದ ಬಿದಿರು ಇಳಿಸುವ ಹಮಾಲ. ಆ ಬಿದಿರೇ ಅರೆದು ಕಾಗದವಾಗುತ್ತಿತ್ತು. ಅವ್ವ ನಾಲ್ಕು ಮನೆಯ ಮುಸುರಿ ತಿಕ್ಕುತ್ತಿದ್ದಳು. ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ, ಆದರೆ ಮುಖ ಓದಲು ಬರುತ್ತಿತ್ತು. ಧಣಿಯ ಹೆಂಡತಿ ಬಾಗಿಲು ತೆರೆದ ಸಪ್ಪಳ ಕೇಳಿ ಇವತ್ತು ಉಳಿದ ರೊಟ್ಟಿ ಸಿಗುತ್ತದೋ ಬೈಗುಳ ಸಿಗುತ್ತದೋ ಅಂತ ಹೇಳುತ್ತಿದ್ದಳು. ಧಣಿ ಚಪ್ಪಲಿ ಬಿಟ್ಟ ರೀತಿ ನೋಡಿ ಪಗಾರ ಕೇಳಬೇಕೋ ನಾಳೆಗೆ ಬಿಡಬೇಕೋ ಅಂತ ತೀರ್ಮಾನ ಮಾಡುತ್ತಿದ್ದಳು. ತಪ್ಪು ಓದಿದರೆ ಅವತ್ತು ಮಕ್ಕಳಿಗೆ ಉಪವಾಸ. ನಮ್ಮವರೆಲ್ಲ ಹೀಗೆ ಎದುರಿನವರ ಮುಖ ಓದುತ್ತಲೇ ಬದುಕಿದರು. ಮೇಲಿನವರಿಗೆ ನಮ್ಮ ಮುಖ ಓದುವ ಗರಜೇ ಇರಲಿಲ್ಲ. ಈ ಬುದ್ಧಿವಂತಿಕೆಗೆ ಪರೀಕ್ಷೆ ಇಟ್ಟಿದ್ದರೆ ನಪಾಸಾಗುವವರು ಯಾರು, ನೀವೇ ಹೇಳಿ.

1972ರ ಬರಗಾಲದಲ್ಲಿ ನನ್ನನ್ನು ಒಂದು ವರ್ಷ ಹಳ್ಳಿಯಲ್ಲಿ ಅಜ್ಜಿಯ ಹತ್ತಿರ ಬಿಟ್ಟಿದ್ದರು. ಮೂರನೇ ಇಯತ್ತೆ. ಆ ಶಾಲೆಯಲ್ಲಿ ನೀರಿನ ಹಂಡೆ ಇತ್ತು. ನಾವು ಕೇರಿಯವರು ಮುಟ್ಟುವಂತಿಲ್ಲ. ಯಾರಾದರೂ ಮೇಲಿನಿಂದ ಹೊಯ್ಯಬೇಕು, ನಾವು ಬೊಗಸೆ ಒಡ್ಡಬೇಕು. ಒಂದು ದಿನ ಹೊಯ್ಯುವ ಹುಡುಗ ಬೇಕಂತಲೇ ನನ್ನ ತಲೆ ಮೇಲೆ ಹೊಯ್ದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಗೆಳೆಯರೇ, ನಾನೂ ನಕ್ಕೆ ಅನ್ನುವುದೇ ಇವತ್ತಿಗೂ ನನ್ನನ್ನು ಸುಡುವ ಸಂಗತಿ. ಮನೆಗೆ ಬಂದು ಅಜ್ಜಿಯ ಮುಂದೆ ಅತ್ತಾಗ ಅವಳು ಸೆರಗಿನಿಂದ ತಲೆ ಒರೆಸಿ, "ನುಂಗು ಮಗನ. ನುಂಗಿದ್ರ ಸಾಲಿ ಉಳೀತೈತಿ" ಅಂದಳು. ನುಂಗಿದೆ. ಬಾಬಾಸಾಹೇಬರು ತಮ್ಮ ಬಾಲ್ಯದ ಬಗ್ಗೆ ಬರೆದದ್ದನ್ನು ದೊಡ್ಡವನಾದ ಮೇಲೆ ಓದಿದೆ. ಸಾತಾರದ ಶಾಲೆಯಲ್ಲಿ ಅವರು ಕೂರಲು ಗೋಣಿತಟ್ಟು ಮನೆಯಿಂದಲೇ ಒಯ್ಯಬೇಕಿತ್ತು. ನಳ ತಿರುಗಿಸಲು ಜವಾನ ಬರದ ದಿನ ನೀರೇ ಇಲ್ಲ. ಓದಿ ಪುಸ್ತಕ ಮುಚ್ಚಿ ಕೂತೆ. ನಮ್ಮ ಹಂಡೆ ಅಷ್ಟು ಹಳೆಯದು.

ನುಂಗಿದ್ದು ಎಲ್ಲಿಗೆ ಹೋಗುತ್ತದೆ? ನನ್ನದು ಇಪ್ಪತ್ತು ವರ್ಷ ಒಳಗೇ ಇದ್ದು 1992ರಲ್ಲಿ ಬೆತ್ತವಾಗಿ ಹೊರಗೆ ಬಂತು. ಬಿದ್ದದ್ದು ನನಗಿಂತ ಕೆಳಗೆ ನಿಂತಿದ್ದ ಮಗುವಿನ ಕೈ ಮೇಲೆ.

ಆ ಸಂಜೆ ನಾನು ಹುಡುಗನ ಮನೆಗೆ ಹೋದೆ. ಮಳೆ ಸುರಿಯುತ್ತಿತ್ತು. ಅವನ ಅಜ್ಜಿ ಕಟ್ಟೆಯ ಮೇಲೆ ಕೂತು ಹಳೆಯ ಸೀರೆಯ ತುಂಡುಗಳನ್ನು ಕೂಡಿಸಿ ಕೌದಿ ಹೊಲಿಯುತ್ತಿದ್ದಳು. ಪೋರ್ಚುಗೀಸರು ಹಿಡಿದು ತಂದ ಆಫ್ರಿಕದ ಜನರ ಮಕ್ಕಳು ಮೊಮ್ಮಕ್ಕಳು ಇವರು, ಗುಲಾಮಗಿರಿ ತಪ್ಪಿಸಿಕೊಂಡು ಗೋವೆಯಿಂದ ಈ ಕಾಡಿಗೆ ಬಂದು ಸೇರಿದವರು. ಒಳಗೆ ಹುಡುಗನ ದನಿ ಕೇಳಿಸುತ್ತಿತ್ತು. ಶಾಲೆಯಲ್ಲಿ ಮೂಕನಂತೆ ಕೂರುವವನು ತಮ್ಮನಿಗೆ ಯಾವುದೋ ಕತೆ ಹೇಳುತ್ತಿದ್ದ, ಪಟಪಟ ಪಟಪಟ, ನಡುನಡುವೆ ದಮಾಮಿ ಬಡಿದಂತೆ ಬಾಯಲ್ಲೇ ತಾಳ. ನನ್ನನ್ನು ಕಂಡದ್ದೇ ಮಾತು ನಿಂತಿತು.

ಅಜ್ಜಿ ಸೂಜಿಯಿಂದ ಕಣ್ಣೆತ್ತದೆ ಹೇಳಿದಳು, "ಅಂವ ಕಚ್ಚಿದ್ದು ತಪ್ಪ ಐತಿ ಮಾಸ್ತರ. ನಾನೂ ಬೈದೀನಿ. ಆದ್ರ ನಗೋ ಹುಡುಗ್ರಿಗೆ ನೀವು ಏನ್ ಕಲಸ್ತೀರಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಮುದುಕಿಯ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲೇ ನನ್ನ ಮಾಸ್ತರಿಕೆ ಮುಗಿಯಿತು.

ಮರುದಿನ ಪ್ರಾರ್ಥನೆ ಮುಗಿದ ಮೇಲೆ ಎಲ್ಲ ಮಕ್ಕಳೆದುರು ಹುಡುಗನಿಗೆ, "ನೀ ರಾಗ ಅಂದಿದ್ದು ನನಗ ತಿಳೀಲಿಲ್ಲ. ಹೊಡದದ್ದು ನನ್ನ ತಪ್ಪು" ಅಂದೆ. ಹೇಳುವಾಗ ತೊಡೆ ನಡುಗಿತು. ಮಾಸ್ತರ ತಪ್ಪು ಒಪ್ಪಿಕೊಂಡರೆ ಮಕ್ಕಳು ತಲೆ ಮೇಲೆ ಕೂಡ್ರುತ್ತಾರೆ ಅಂತ ಹಿರಿಯ ಮಾಸ್ತರರು ಹೆದರಿಸಿದ್ದರು. ಯಾರೂ ಕೂಡ್ರಲಿಲ್ಲ. ಕಚ್ಚಿಸಿಕೊಂಡ ಹುಡುಗ ತಾನಾಗಿ ಎದ್ದು "ನಾನೂ ಕೂದ್ಲ ಜಗ್ಗಿದ್ದೆ ಸರ" ಅಂದ. ಆಮೇಲೆ ಕಚ್ಚಿದವನು ಅವನ ತೋಳಿನ ಗಾಯವನ್ನು ಬಗ್ಗಿ ನೋಡಿದ. ಅಷ್ಟೇ.

ಅಂದಿನಿಂದ ದಿನಾ ಮುಂಜಾನೆ ಹತ್ತು ನಿಮಿಷ ದುಂಡಗೆ ಕೂರುವುದು ಸುರುವಾಯಿತು. ಯಾರಿಗೆ ಏನಾಗಿದೆ, ಮನೆಮಾತಿನಲ್ಲೇ ಹೇಳಬಹುದು. ಗೋಡೆಗೆ ಹಾಳೆ ಅಂಟಿಸಿದೆವು. ಸಿಟ್ಟು, ರಾಗ್, ಗುಸ್ಸಾ, ಮೂರೂ ಒಂದೇ ಸಾಲಿನಲ್ಲಿ. ಹಾಗೇ ಹೆದರಿಕೆಗೆ, ನಾಚಿಕೆಗೆ, ಹೊಟ್ಟೆಕಿಚ್ಚಿಗೆ, ಸಂತೋಷಕ್ಕೆ. ಗೌಳಿ ಮಕ್ಕಳು ಒಂದು ಶಬ್ದ ಕೊಟ್ಟರು, ಮುಸಲ್ಮಾನರ ಮಕ್ಕಳು ಒಂದು ಕೊಟ್ಟರು, ಸಿದ್ದಿ ಮಕ್ಕಳು ಒಂದು ಕೊಟ್ಟರು. ಹೆಸರು ಸಿಕ್ಕ ಸಿಟ್ಟು ಹಲ್ಲಿಗೆ ಇಳಿಯುವುದು ಕಡಿಮೆಯಾಯಿತು. ಒಂದು ಮುಂಜಾನೆ ಹೊಲಮನೆಯ ಜಮೀನ್ದಾರರ ಹುಡುಗ, ಎಲ್ಲರಿಗಿಂತ ಹೆಚ್ಚು ನಗುವವನು, "ನಮ್ಮಪ್ಪ ಕುಡದ ಬಂದು ಅವ್ವನ್ನ ಹೊಡೀತಾನ. ನನಗ ಅಂಜಿಕಿ ಬರ್ತೈತಿ" ಅಂದ. ಯಾರೂ ನಗಲಿಲ್ಲ. ಅವನ ನೋವೂ ಸಿದ್ದಿ ಹುಡುಗನ ನೋವೂ ಒಂದೇ ಅಂತ ನಾನು ಹೇಳುವುದಿಲ್ಲ. ಅವನ ಅಂಜಿಕೆ ಮನೆಯಲ್ಲಿ ಮುಗಿಯುತ್ತದೆ, ಇವನ ಅವಮಾನ ಊರೆಲ್ಲ ಹಿಂದೆ ಬರುತ್ತದೆ. ಆದರೆ ತನ್ನ ಅಂಜಿಕೆಯನ್ನು ಬಾಯಿ ಬಿಟ್ಟು ಹೇಳಿದ ಮೇಲೆ ಆ ಹುಡುಗ ಯಾರ ಕೂದಲನ್ನೂ ಎಳೆಯಲಿಲ್ಲ. ಅಜ್ಜಿಯ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಂತಾಯಿತು. ಇನ್ನು 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಅದು ಹೋರಾಟದಿಂದ ಬಂದ ಹಕ್ಕು. ಪಟ್ಟಿಯಿಂದ ಶಿಷ್ಯವೇತನ ಬಂತು, ಹಾಸ್ಟೆಲು ಬಂತು. ಕೂದಲು ನೋಡಿ ನಗುವವರ ನಗು ನಿಲ್ಲಿಸುವ ಕೆಲಸ ಮಾತ್ರ ಮಾಸ್ತರರ ಪಾಲಿಗೇ ಉಳಿಯಿತು.

ಮುಂದೆ ನನಗೆ ಜೋಯಿಡಾ ತಾಲೂಕಿಗೆ ವರ್ಗವಾಯಿತು. ಕಾಡೊಳಗಿನ ಏಕೋಪಾಧ್ಯಾಯ ಶಾಲೆ. ಹದಿನಾಲ್ಕು ಮಕ್ಕಳು, ಹೆಚ್ಚಿನವರು ಕುಣಬಿಗಳ ಮಕ್ಕಳು. ಚಿತ್ರ ಬರೆಯಿರಿ ಅಂದರೆ ಒಬ್ಬ ಹುಡುಗಿ ಯಾವಾಗಲೂ ನೀರು ಬರೆಯುತ್ತಿದ್ದಳು, ನೀರಿನ ಕೆಳಗೆ ಮನೆ, ಮನೆಯ ಮುಂದೆ ತುಳಸಿಕಟ್ಟೆ. ಮೊದಲಿಗೆ ಮನಸ್ಸಿನ ಕಾಯಿಲೆ ಏನೋ ಅಂದುಕೊಂಡೆ. ಅವಳ ಮನೆಗೆ ಹೋದಾಗ ತಿಳಿಯಿತು. ಕಾಳಿ ನದಿಗೆ ಕಟ್ಟಿದ ಸೂಪಾ ಅಣೆಕಟ್ಟು 1987ರಲ್ಲಿ ಮುಗಿಯಿತಲ್ಲ, ಹಳೆಯ ಸೂಪಾ ಊರೂ ಸುತ್ತಲಿನ ಹಳ್ಳಿಗಳೂ ಅದರ ನೀರಿನಲ್ಲಿ ಮುಳುಗಿದವಲ್ಲ, ಅವಳ ಅಜ್ಜಿಯ ಮನೆ ಅದರಡಿ ಇತ್ತು. ಹುಡುಗಿ ಹುಟ್ಟುವ ಮೊದಲೇ ಮುಳುಗಿದ ಮನೆ. ದಿನಾ ರಾತ್ರಿ ಅಜ್ಜಿ ಅದರ ಕತೆ ಹೇಳುತ್ತಿದ್ದಳು. 2007ರಲ್ಲಿ ದಾಂಡೇಲಿ-ಅಣಶಿ ಹುಲಿ ಸಂರಕ್ಷಿತ ಪ್ರದೇಶ ಆದ ಮೇಲೆ, ಈಗ ಅದಕ್ಕೆ ಕಾಳಿ ಅಂತ ಹೆಸರು, ಮತ್ತೆ ಎಬ್ಬಿಸುತ್ತಾರಂತೆ ಅನ್ನುವ ಮಾತು ಮನೆಮನೆಯಲ್ಲಿ. ದೊಡ್ಡವರು ಒಲೆಯ ಮುಂದೆ ಪಿಸುಗುಟ್ಟಿದ್ದು ಕಂಬಳಿಯೊಳಗಿನ ಮಕ್ಕಳಿಗೆ ಕೇಳಿಸುತ್ತಿತ್ತು. "ಹೆದರಬ್ಯಾಡ" ಅಂತ ಆ ಹುಡುಗಿಗೆ ಹೇಳುವ ಅಧಿಕಾರ ನನಗೆಲ್ಲಿತ್ತು? ಹೆದರಿಕೆಗೆ ಕಾರಣ ಇತ್ತು. ನಾನು ಮಾಡಿದ್ದು ಒಂದೇ. ಅಜ್ಜಿಯನ್ನು ಶಾಲೆಗೆ ಕರೆದು ಮುಳುಗಿದ ಊರಿನ ಕತೆಯನ್ನು ಎಲ್ಲ ಮಕ್ಕಳಿಗೂ ಹೇಳಿಸಿದೆ. ಒಬ್ಬಳೇ ಹೊತ್ತ ಭಾರವನ್ನು ಹದಿನಾಲ್ಕು ಜನ ಹಂಚಿಕೊಂಡರು. ಆಮೇಲೆ ಅವಳ ಚಿತ್ರದಲ್ಲಿ ನೀರಿನ ಮೇಲೆ ದೋಣಿ ಬಂತು.

ನನ್ನ ಕೊನೆಯ ಶಾಲೆ ಮುಂಡಗೋಡ ತಾಲೂಕಿನದು. 1966ರಿಂದ ಟಿಬೆಟ್ ನಿರಾಶ್ರಿತರು ನೆಲೆಸಿದ ಜಾಗ ಅದು. ದೇಶ ಕಳೆದುಕೊಂಡು ಬಂದ ಜನ ತಮ್ಮ ನುಡಿಯನ್ನು ಮಕ್ಕಳಿಗೆ ಕಲಿಸುವುದನ್ನು ಮಾತ್ರ ಬಿಡಲಿಲ್ಲ. 2019ರಲ್ಲಿ ದಲೈ ಲಾಮಾ ಮತ್ತು ಅಮೆರಿಕದ ಎಮರಿ ವಿಶ್ವವಿದ್ಯಾಲಯ ಸೇರಿ ಸಾಮಾಜಿಕ, ಭಾವನಾತ್ಮಕ, ನೈತಿಕ ಕಲಿಕೆಯ ಒಂದು ಪಾಠಕ್ರಮವನ್ನು ದಿಲ್ಲಿಯಲ್ಲಿ ಹೊರತಂದವು. ನಾನು ಹೇಳಹೊರಟದ್ದು ಪಾಠಕ್ರಮದ ಮಾತಲ್ಲ, ಅದಕ್ಕೂ ಮೂರು ವರ್ಷ ಮೊದಲು ಮಕ್ಕಳ ಜೊತೆ ನೋಡಿದ ಒಂದು ದೃಶ್ಯ.

ಬೌದ್ಧ ಮಠದ ಅಂಗಳದಲ್ಲಿ ಭಿಕ್ಷುಗಳ ವಾದ ನಡೆದಿತ್ತು. ಒಬ್ಬ ಕೂತಿರುತ್ತಾನೆ, ಇನ್ನೊಬ್ಬ ನಿಂತು ಪ್ರಶ್ನೆ ಕೇಳುತ್ತಾನೆ. ಕೇಳುವಾಗ ಕಾಲು ಅಪ್ಪಳಿಸಿ, ಅಂಗೈಗೆ ಅಂಗೈ ಚಟಾರನೆ ಬಡಿಯುತ್ತಾನೆ. "ಸರ, ಜಗಳಾ ಹಚ್ಯಾರ" ಅಂತ ಮಕ್ಕಳು ಗಾಬರಿಯಾದರು. ಯಾರೂ ಯಾರನ್ನೂ ಮುಟ್ಟಲಿಲ್ಲ. ಗಂಟೆ ಬಾರಿಸಿತು, ಇಬ್ಬರೂ ನಗುತ್ತ ಹೋದರು. ದಾರಿಯುದ್ದಕ್ಕೂ ನಮ್ಮ ಮಕ್ಕಳು ಕೈ ಬಡಿದು ಒಬ್ಬರಿಗೊಬ್ಬರು ಪ್ರಶ್ನೆ ಹಾಕಿದರು. ಸಿಟ್ಟನ್ನು ನುಂಗದೆಯೂ, ಹೊಡೆಯದೆಯೂ ಇರುವ ಮೂರನೇ ದಾರಿ ಅವರಿಗೆ ಸಿಕ್ಕಿತ್ತು.

ಹದಿನೈದು ದಿನ ಕಳೆದಿರಬೇಕು. ನಮ್ಮ ಶಾಲೆಯ ಬಿಸಿಯೂಟ ಮಾಡುವ ಹೆಣ್ಣುಮಗಳು ಕೇರಿಯವಳು. ಅವಳ ಮಗಳು ಐದನೇ ಇಯತ್ತೆಯಲ್ಲಿದ್ದಳು. ಮೂರ್ನಾಲ್ಕು ಮಕ್ಕಳು ದಿನಾ ಹೊಟ್ಟೆನೋವು ಅಂತಲೋ ಮನೆಯಿಂದ ಡಬ್ಬಿ ಬಂದಿದೆ ಅಂತಲೋ ಹೇಳಿ ಊಟಕ್ಕೆ ಕೂರುತ್ತಿರಲಿಲ್ಲ. ಕಾರಣ ಎಲ್ಲರಿಗೂ ಗೊತ್ತು, ಯಾರೂ ಆಡುವುದಿಲ್ಲ. ನಾನೂ ಆಡಿರಲಿಲ್ಲ. ಅವತ್ತು ಆ ಹುಡುಗಿ ತಾಟು ಕೆಳಗಿಟ್ಟು ಎದ್ದು ಬಂದು, ಡಬ್ಬಿಯ ಹುಡುಗಿಯ ಮುಂದೆ ನಿಂತು, ಕಾಲು ಅಪ್ಪಳಿಸಿ ಕೈ ಬಡಿದಳು: "ನಮ್ಮವ್ವ ಮಾಡಿದ್ದ ಅನ್ನ ನೀ ಯಾಕ ಉಣ್ಣಂಗಿಲ್ಲ? ಕಾರಣಾ ಹೇಳು!"

ಪಡಸಾಲೆಯೆಲ್ಲ ಗಪ್ಪಾಯಿತು. ಒಲೆಯ ಹತ್ತಿರ ಅವಳ ತಾಯಿ ಸವಟು ಹಿಡಿದು ನಿಂತೇ ಇದ್ದಳು. ಡಬ್ಬಿಯ ಹುಡುಗಿ ಬಹಳ ಹೊತ್ತು ಸುಮ್ಮನಿದ್ದು, "ನನಗ ಗೊತ್ತಿಲ್ಲ. ಮನ್ಯಾಗ ಬ್ಯಾಡ ಅಂತಾರ" ಅಂದಳು.

ಸಂಜೆ ಊರ ಹಿರಿಯರು ನಾಲ್ಕು ಮಂದಿ ಬಂದರು. ಆ ಹುಡುಗಿಯಿಂದ ತಪ್ಪಾಯಿತು ಅನ್ನಿಸಬೇಕಂತೆ. ಹೆಣ್ಣುಹುಡುಗಿಗೆ ಇಷ್ಟು ಸೊಕ್ಕು ಯಾರು ಕಲಿಸಿದರಂತೆ. ಗೆಳೆಯರೇ, ಒಂದು ಗಳಿಗೆ ನನ್ನ ನಾಲಿಗೆ ತುದಿಗೆ ಅದೇ ಮಾತು ಬಂದಿತ್ತು. ನುಂಗು ತಂಗಿ. ನುಂಗಿದರೆ ಶಾಲೆ ಉಳಿಯುತ್ತದೆ, ನಿಮ್ಮವ್ವನ ಕೆಲಸ ಉಳಿಯುತ್ತದೆ. ಐವತ್ತೆರಡು ವಯಸ್ಸಿನಲ್ಲಿ, ಇಷ್ಟೆಲ್ಲ ಮಾಡಿದ ಮೇಲೂ. ನನ್ನ ತಲೆ ಮೇಲೆ ನೀರು ಬಿದ್ದ ಹಾಗಾಯಿತು. "ಆಕಿ ಬೈದಿಲ್ಲ, ಹೊಡದಿಲ್ಲ. ಪ್ರಶ್ನೆ ಕೇಳ್ಯಾಳ. ಉತ್ತರ ಇದ್ರ ಹೇಳ್ರಿ, ನಾಳೆ ವರ್ಗದಾಗ ನಾನೇ ಓದಿ ಹೇಳ್ತೀನಿ" ಅಂದೆ. ಉತ್ತರ ಬರಲಿಲ್ಲ. ಒಂದು ಮಗುವಿನ ದಾಖಲಾತಿ ತೆಗೆಸಿ ಬೇರೆ ಶಾಲೆಗೆ ಒಯ್ದರು. ಎರಡು ಮಕ್ಕಳು ವಾರ ಕಳೆದ ಮೇಲೆ ಊಟಕ್ಕೆ ಕೂತರು. ಡಬ್ಬಿಯ ಹುಡುಗಿ ಒಂದು ದಿನ ಡಬ್ಬಿ ಮರೆತೆ ಅಂತ ಹೇಳಿ ಬಂದು ತಾಟು ಹಿಡಿದಳು. ಮರೆತಿರಲಿಲ್ಲ ಅಂತ ನನಗೂ ಗೊತ್ತಿತ್ತು, ಬಡಿಸುವವಳಿಗೂ ಗೊತ್ತಿತ್ತು. ಇಷ್ಟೇ ಗೆಲುವು. ಹೆಚ್ಚು ಹೇಳಿದರೆ ಸುಳ್ಳಾಗುತ್ತದೆ.

ಇನ್ನು ನಮ್ಮ ಮನೆಯ ಮಾತು. ಇದನ್ನು ಬಿಟ್ಟರೆ ಬರಹ ಅಪ್ರಾಮಾಣಿಕವಾಗುತ್ತದೆ. 1998ರಲ್ಲಿ ಒಂದು ರಾತ್ರಿ ಹುಬ್ಬಳ್ಳಿಯಲ್ಲಿ ಸಮಾನತೆಯ ಮೇಲೆ ಮಾತಾಡಿ ಮನೆಗೆ ಬಂದೆ. ಮಗ ಗಣಿತದಲ್ಲಿ ನಪಾಸಾಗಿದ್ದ. ಬಾರಿಸಿದೆ. "ಅಳಬ್ಯಾಡ, ಗಂಡಸು ಅದೀ" ಅಂತ ಗದರಿಸಿದೆ. ಅವನು, "ಅಪ್ಪಾ, ಸಾಲ್ಯಾಗ ಅವರ ಹುಡುಗ್ರ ಸಲುವಾಗಿ ದುಂಡಗ ಕೂಡ್ರತಿ. ನನ್ ಸಲುವಾಗಿ ಯಾವಾಗ ಕೂಡ್ರತಿ?" ಅಂದ. ಹೊರಗೆ ಕ್ರಾಂತಿ, ಒಳಗೆ ಧಣಿಗಿರಿ. ನಮ್ಮ ಚಳವಳಿಯ ಎಷ್ಟು ಮನೆಗಳಲ್ಲಿ ಇದು ಇಲ್ಲ? 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಯಲ್ಲಿ ಮಗುವನ್ನು ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸಿತು. ಮನೆಯ ಒಲೆಯ ಮುಂದಿನ ಹೊಡೆತಕ್ಕೆ ನಾವೇ ಕಾಯ್ದೆ ಮಾಡಿಕೊಳ್ಳಬೇಕು. ನಮ್ಮ ಮಕ್ಕಳು ಹೊರಗೆ ಬೇಕಾದಷ್ಟು ನುಂಗಿ ಬಂದಿರುತ್ತಾರೆ. ಉಗುಳಲು ಮನೆಯಾದರೂ ಇರಬೇಕು. ರಾತ್ರಿ ರೊಟ್ಟಿ ತಿನ್ನುವಾಗ "ಇವತ್ತ ಯಾರರ ಏನರ ಅಂದ್ರೇನ?" ಅಂತ ಒಂದು ಮಾತು ಕೇಳಿ. ಮಗು ಹೇಳಿದರೆ ಉಪದೇಶಕ್ಕೆ ಹೋಗಬೇಡಿ. ಕೇಳಿಸಿಕೊಳ್ಳಿ.

ನಾನು 2024ರಲ್ಲಿ ನಿವೃತ್ತನಾದೆ. ಮುಖದ ಚಿತ್ರಗಳ ಹಾಳೆ ಈಗ ಬಹಳ ಶಾಲೆಗಳಿಗೆ ಬರುತ್ತಿದೆ, ಬರಲಿ. ಆದರೆ ಮಾಸ್ತರರೇ, ಅಕ್ಕೋರೇ, ಸಿಟ್ಟಿನ ಮುಖ ತೋರಿಸಿ ಇದನ್ನು ತಣ್ಣಗೆ ಮಾಡುವುದು ಹೇಗೆ ಅಂತ ಕೇಳುವ ಮೊದಲು, ಇದಕ್ಕೆ ಸಿಟ್ಟು ಬರಿಸಿದವರು ಯಾರು ಅಂತ ಕೇಳಿ. ಅವಮಾನವಾದ ಮಗುವಿಗೆ ತಾಳ್ಮೆ ಕಲಿಸಿ, ಅವಮಾನ ಮಾಡಿದ ಮಗುವಿಗೆ ಏನೂ ಕಲಿಸದೆ ಬಿಟ್ಟರೆ, ನಾವು ಹಳೆಯ ಹಂಡೆಗೇ ಹೊಸ ಕಲಾಯಿ ಹಾಕಿದ ಹಾಗೆ.

ಮೊನ್ನೆ ಹಳಿಯಾಳದ ಸಂತೆಯಲ್ಲಿ ಒಬ್ಬ ಗಂಡಸು ನನ್ನನ್ನು ತಡೆದ. ಹೆಗಲ ಮೇಲೆ ಪುಟ್ಟ ಹುಡುಗಿ. ಗುಂಗುರು ಕೂದಲಿಗೆ ಕೆಂಪು ರಿಬ್ಬನ್ನು. "ಮಾಸ್ತರ, ಗುರ್ತ ಸಿಕ್ತೇನ್ರಿ?" ಅಂದ. ಅಂಗೈ ಚಾಚಿ ತೋರಿಸಿ ನಕ್ಕ. ನನಗೆ ಮಾತು ಹೊರಡಲಿಲ್ಲ. "ಮಗಳು ಈ ವರ್ಷ ಒಂದನೇತ್ತೆ. ಕನ್ನಡ ಇನ್ನೂ ಅಷ್ಟ ಬರಂಗಿಲ್ಲ" ಅಂದ. ಆಮೇಲೆ ಮಗಳ ಕಡೆ ತಿರುಗಿ ತಮ್ಮ ನುಡಿಯಲ್ಲಿ ಏನೋ ಹೇಳಿ, ನನಗೆ ಕನ್ನಡದಲ್ಲಿ ಹೇಳಿದ:

"ಸಿಟ್ಟ ಬಂದ್ರ ರಾಗ್ ಅಂತನ ಹೇಳು ಅಂದೀನ್ರಿ. ತಿಳೀಲಿಲ್ಲಂದ್ರ ಮತ್ತೊಮ್ಮೆ ಹೇಳು ಅಂದೀನಿ."